ಮಂಡ್ಯ ಸೀಮೆಯ ಬಾಣಂತನ

ಹೆತ್ತ ಹೆಂಗಸನ್ನು ಕೆಲಸಕ್ಕೆ ಬಿಡದೆ, ಗಾಳಿಗೆ ಒಡ್ಡದೆ, ಗೊತ್ತಾದ ಊಟ ಕೊಟ್ಟು, ಎಣ್ಣೆ ನೀರು ಹಾಕಿ ಕೆಲವು ತಿಂಗಳು ನೋಡಿಕೊಳ್ಳುವ ಪದ್ಧತಿಯೇ ಬಾಣಂತನ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಆಡುಮಾತಿನಲ್ಲಿ ಅದು ಬಾಣ್ತನ. ಹೆತ್ತು ಇನ್ನೂ ದಿನ ಕಳೆಯದವಳು ಹಸಿ ಬಾಣ್ತಿ. ಇಡೀ ಪದ್ಧತಿಯ ತರ್ಕ ಈ ‘ಹಸಿ’ ಎಂಬ ಮಾತಿನಲ್ಲೇ ಇದೆ. ಹೆತ್ತ ಮೈ ಹಸಿಯಾಗಿದೆ, ಸಡಿಲವಾಗಿದೆ, ಅದರೊಳಕ್ಕೆ ಶೀತವೂ ವಾಯುವೂ ಸುಲಭವಾಗಿ ಹೊಗುತ್ತವೆ. ಆದ್ದರಿಂದ ಬೆಚ್ಚಗಿಟ್ಟು, ಬಿಗಿದು, ಗಟ್ಟಿ ಮಾಡಬೇಕು ಎಂಬುದು ನಂಬಿಕೆ. ಈಗ ಎಚ್ಚರ ತಪ್ಪಿದರೆ ಮುಪ್ಪಿನಲ್ಲಿ ಸೊಂಟನೋವು, ಕೀಲುನೋವು ಬರುತ್ತದೆ ಎಂಬ ಹೆದರಿಕೆಯೂ ಅದರ ಜೊತೆಗಿದೆ.

ಬಾಣಂತನದೊಳಗೆ ಎರಡು ಎಳೆಗಳು ಹೆಣೆದುಕೊಂಡಿವೆ. ಒಂದು ಆರೈಕೆ: ಬಿಡುವು, ಬಿಸಿಯೂಟ, ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ. ಇನ್ನೊಂದು ಕಟ್ಟುಪಾಡು: ನೀರು ಕುಡಿಯಬೇಡ, ಹೊರಗೆ ಬರಬೇಡ, ಇಂಥದ್ದು ತಿನ್ನಬೇಡ. ಮನೆಯ ಹಿರಿಯರಿಗೆ ಇವೆರಡೂ ಒಂದೇ. ತಾಯಿಯ ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇವೆರಡರ ಫಲ ಬೇರೆ ಬೇರೆ.

ತವರು ಮತ್ತು ಅವಧಿ

ಚೊಚ್ಚಲ ಹೆರಿಗೆ ತವರಿನದು. ಏಳನೆಯ ಅಥವಾ ಒಂಬತ್ತನೆಯ ತಿಂಗಳಲ್ಲಿ ಸೀಮಂತ ಮಾಡಿ, ಬಳೆ ತೊಡಿಸಿ, ಮಗಳನ್ನು ತವರಿಗೆ ಕರೆತರುತ್ತಾರೆ. ಆಸ್ಪತ್ರೆಯ ಖರ್ಚು, ಬಾಣಂತನದ ಖರ್ಚು, ಕೊನೆಗೆ ಮಗುವಿನೊಂದಿಗೆ ಗಂಡನ ಮನೆಗೆ ಕಳಿಸುವಾಗಿನ ತೊಟ್ಟಿಲು, ಸೀರೆ, ಉಡುಗೊರೆ ಎಲ್ಲವೂ ತವರಿನವರ ಪಾಲಿಗೆ. ಉಳ್ಳವರಿಗೆ ಇದು ಸಂಭ್ರಮ, ಇಲ್ಲದವರಿಗೆ ಸಾಲ. ಎರಡನೆಯ ಹೆರಿಗೆಗೆ ತವರಿಗೆ ಹೋಗುವುದು ಕಡ್ಡಾಯವಲ್ಲ. ಗಂಡನ ಮನೆಯಲ್ಲೇ ಅತ್ತೆ ಬಾಣಂತನ ಮಾಡುವುದೂ ಉಂಟು, ತಾಯಿಯೇ ಬಂದು ಉಳಿದು ಮಾಡುವುದೂ ಉಂಟು.

ಅವಧಿಗೆ ಮೂರು ಮೆಟ್ಟಿಲು. ಮೊದಲನೆಯದು ಪುರುಡು, ಅಂದರೆ ಹೆರಿಗೆಯ ಸೂತಕ. ಹತ್ತು ದಿನ ಕಳೆದು ಹನ್ನೊಂದನೆಯ ದಿನ ಮನೆ ತೊಳೆದು, ತಾಯಿ ಮಗುವಿಗೆ ನೀರು ಹಾಕಿ ಪುರುಡು ಕಳೆಯುತ್ತಾರೆ. ಅಲ್ಲಿಯವರೆಗೆ ಬಾಣಂತಿ ಅಡುಗೆಮನೆ, ದೇವರಮನೆಗೆ ಕಾಲಿಡುವಂತಿಲ್ಲ. ಮೈಲಿಗೆಯ ಹೆಸರಿನ ಈ ದೂರವಿಡುವಿಕೆ ಅವಮಾನದಂತೆ ಕಂಡರೂ, ಒಲೆಯ ಮುಂದಿನ ದುಡಿಮೆಯಿಂದ ಅವಳನ್ನು ಬಿಡಿಸುತ್ತಿದ್ದುದೂ, ನೂರಾರು ಜನ ಬಂದು ಹಸುಗೂಸನ್ನು ಮುಟ್ಟದಂತೆ ತಡೆಯುತ್ತಿದ್ದುದೂ ಅದೇ. ಎರಡನೆಯ ಮೆಟ್ಟಿಲು ಸುಮಾರು ನಲವತ್ತು ದಿನ. ಪಥ್ಯ ಬಿಗಿಯಾಗಿರುವುದು ಆಗ. ಮೂರನೆಯದು ತವರಿನ ವಾಸ, ಮೂರರಿಂದ ಐದು ತಿಂಗಳು. ಬೆಸ ತಿಂಗಳು ನೋಡಿ ಕಳಿಸುವುದು ವಾಡಿಕೆ. ಬಾಣಂತಿ ಮೊದಲ ಸಲ ನೀರಿನ ಬಳಿ ಹೋಗಿ ಗಂಗೆಪೂಜೆ ಮಾಡುವುದು, ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಇವುಗಳ ನಡುವಿನ ಶಾಸ್ತ್ರಗಳು.

ಆಯುರ್ವೇದ ಗ್ರಂಥಗಳಲ್ಲೂ ಇದೇ ಲೆಕ್ಕದ ಪೂರ್ವರೂಪ ಕಾಣುತ್ತದೆ. ಹೆತ್ತವಳನ್ನು ಅವು ಸೂತಿಕೆ ಎನ್ನುತ್ತವೆ. ಒಂದೂವರೆ ತಿಂಗಳು ಅವಳಿಗೆ ವಿಶೇಷ ಉಪಚಾರ ಹೇಳುತ್ತವೆ. ವಾಯು ಕೆರಳದಿರಲೆಂದು ಹೊಟ್ಟೆಗೆ ಎಣ್ಣೆ ಸವರಿ ಬಟ್ಟೆ ಸುತ್ತಬೇಕೆಂಬ ಮಾತು ಚರಕಸಂಹಿತೆಯಲ್ಲಿದೆ. ಇಂದಿಗೂ ಹಳ್ಳಿಗಳಲ್ಲಿ ಹಳೆಯ ನೂಲಿನ ಸೀರೆಯನ್ನು ಬಾಣಂತಿಯ ಹೊಟ್ಟೆಗೆ ಬಿಗಿಯುತ್ತಾರೆ.

ಎಣ್ಣೆ, ನೀರು, ಹೊಗೆ

ಮಂಡ್ಯ ಸೀಮೆಯ ಬಾಣಂತನದ ನಡುಮನೆ ಎಂದರೆ ಬಚ್ಚಲುಮನೆ. ಹರಳೆಣ್ಣೆಯನ್ನು ನೆತ್ತಿಗೆ, ಸೊಂಟಕ್ಕೆ, ಕೀಲುಗಳಿಗೆ ತಿಕ್ಕಿ, ಹಂಡೆಯಲ್ಲಿ ಕುದಿಸಿದ ನೀರನ್ನು ಬೆನ್ನು ಸೊಂಟದ ಮೇಲೆ ರಭಸವಾಗಿ ಹೊಯ್ಯುತ್ತಾರೆ. ನೀರಿಗೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಕುವುದುಂಟು. ಮೈ ಒರೆಸಿದ ಕೂಡಲೇ ಕಂಬಳಿ ಹೊದಿಸಿ ಬೆವರುವವರೆಗೆ ಮಲಗಿಸುತ್ತಾರೆ. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂದಲಿಗೂ ಮಗುವಿಗೂ ಹೊಗೆ ಹಿಡಿಯುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ಚಪ್ಪಲಿ ಅಥವಾ ಕಾಲುಚೀಲ. ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಯ ಬಳಿ ಕಬ್ಬಿಣದ ತುಂಡು.

ಮಗುವಿಗೂ ಎಣ್ಣೆ ನೀರು ಬೇರೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿಗಳನ್ನು ಕಲ್ಲಿನ ಮೇಲೆ ತೇಯ್ದು ಒಂದೆರಡು ಸುತ್ತು ನೆಕ್ಕಿಸುವುದು, ಕೈಗೆ ಬಜೆಯ ಬಳೆ ಕಟ್ಟುವುದು, ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಈ ಭಾಗದ ಮನೆಮನೆಯ ನೋಟ.

ಇದನ್ನೆಲ್ಲ ಮಾಡುತ್ತಿದ್ದವಳು ಸೂಲಗಿತ್ತಿ. ಹೆರಿಗೆ ಮಾಡಿಸಿ, ಹೊಕ್ಕುಳಬಳ್ಳಿ ಕತ್ತರಿಸಿ, ಹನ್ನೊಂದು ದಿನವೂ ಬಂದು ತಾಯಿ ಮಗುವಿಗೆ ನೀರು ಹಾಕಿ ಹೋಗುತ್ತಿದ್ದಳು. ಸೀರೆ, ಅಕ್ಕಿ, ಬೆಲ್ಲ, ಎಲೆ ಅಡಿಕೆ ಅವಳ ಸಂಭಾವನೆ. ಸೂತಕದ ಬಟ್ಟೆ ಒಗೆಯುವುದು ಮಡಿವಾಳರ ಮನೆಯವರ ಕೆಲಸವಾಗಿತ್ತು. ಮೇಲುಜಾತಿಯವರ ಮೈಲಿಗೆಯನ್ನು ತಳಸಮುದಾಯದ ಹೆಂಗಸರ ಕೈ ಕಳೆಯುತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಹೆರಿಗೆ ಎಂಬುದು ಬಹುಪಾಲು ಆಸ್ಪತ್ರೆಯ ಮಾತಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ. ಸೂಲಗಿತ್ತಿಯ ಹೆರಿಗೆಯ ಕೆಲಸ ಹೋಯಿತು, ನೀರು ಹಾಕುವ ಕೆಲಸ ಮಾತ್ರ ಉಳಿದಿದೆ. ಪೇಟೆಯಲ್ಲಿ ತಿಂಗಳಿಗೆ ಇಷ್ಟೆಂದು ಹಣ ಗೊತ್ತುಮಾಡಿ ಬಾಣಂತಿಗೆ ನೀರು ಹಾಕುವವರನ್ನು ಹುಡುಕುತ್ತಾರೆ.

ಊಟ ಮತ್ತು ಪಥ್ಯ

ಬಾಣಂತಿಯ ತಟ್ಟೆಯಲ್ಲಿ ಬಿಸಿ ಅನ್ನ, ಮೆಣಸು ಜೀರಿಗೆ ಬೆಳ್ಳುಳ್ಳಿಯ ಸಾರು, ತುಪ್ಪ ಖಾಯಂ. ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ. ಮೈಗೆ ಬಲ ಬರಲೆಂದು ಕೊಬ್ಬರಿ, ಬೆಲ್ಲ, ಅಂಟು, ಒಣಹಣ್ಣು ಸೇರಿಸಿದ ಅಂಟಿನುಂಡೆ. ವಾಯುವಿಗೆ ಶುಂಠಿ, ಹಿಪ್ಪಲಿ, ಓಮ. ಊಟದ ಮೇಲೆ ಎಲೆ ಅಡಿಕೆ. ಮಾಂಸ ತಿನ್ನುವ ಮನೆಗಳಲ್ಲಿ ಪುರುಡು ಕಳೆದ ಮೇಲೆ ನಾಟಿಕೋಳಿ ಸಾರು, ಕಾಲು ಸಾರು ಬರುತ್ತದೆ. ಬೆಲ್ಲ ಈ ಸೀಮೆಯದೇ, ಆಲೆಮನೆಯಿಂದ ಬಂದದ್ದು.

ಬೇಡದ ಪಟ್ಟಿ ಇನ್ನೂ ಉದ್ದ. ‘ನಂಜಾಯ್ತದೆ’ ಎಂದು ಬದನೆಕಾಯಿ, ಕುಂಬಳ. ‘ಶೀತ ಆಯ್ತದೆ’ ಎಂದು ಮೊಸರು, ಬಾಳೆಹಣ್ಣು, ಸೌತೆ. ‘ವಾಯು’ ಎಂದು ಆಲೂಗಡ್ಡೆ, ಹಲವು ಬಗೆಯ ಕಾಳು. ತಂಪು ಎಂಬ ಕಾರಣಕ್ಕೆ ಕೆಲವು ಮನೆಗಳಲ್ಲಿ ರಾಗಿಮುದ್ದೆಯನ್ನೂ ಮೊದಲ ದಿನಗಳಲ್ಲಿ ಕೊಡುವುದಿಲ್ಲ. ಎಲ್ಲಕ್ಕಿಂತ ಕಟ್ಟುನಿಟ್ಟಿನದು ನೀರಿನ ನಿಷೇಧ. ‘ನೀರು ಕುಡುದ್ರೆ ಹೊಟ್ಟೆ ಇಳಿಯಾಕಿಲ್ಲ’ ಎಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರಿಗೆ ಬಾಣಂತಿಯನ್ನು ಕಟ್ಟಿಹಾಕುವುದು ಹಿಂದೆ ಸಾಮಾನ್ಯವಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ಬೇರೆ ನಾಡುಗಳ ಸಾಟಿ

ಹೆತ್ತವಳನ್ನು ಮೂವತ್ತು, ನಲವತ್ತು ದಿನ ಒಳಗಿಡುವ ರೂಢಿ ಜಗತ್ತಿನ ಹಲವು ಕಡೆ ಇದೆ. ಮೆಕ್ಸಿಕೊದಲ್ಲಿ ಅದರ ಹೆಸರೇ ‘ನಲವತ್ತು ದಿನ’ ಎಂಬರ್ಥದ ಕ್ವಾರೆಂಟೇನ. ಕೊರಿಯಾದಲ್ಲಿ ಬಾಣಂತಿಗೆ ಕಡಲಕಳೆಯ ಸಾರು. ಜಪಾನಿನಲ್ಲಿ ಹೆರಿಗೆಗೆ ತವರಿಗೆ ಮರಳುವ ಸಾತೋಗಯೆರಿ ಎಂಬ ವಾಡಿಕೆ ಮದ್ದೂರಿನ ಯಾವ ಮನೆಗೂ ಅಪರಿಚಿತವೆನಿಸದು.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಚೀನಾದ ‘ಜುವೊ ಯುಯೆಜಿ’. ಮಾತಿನ ಅರ್ಥ ‘ತಿಂಗಳು ಕೂರುವುದು’. ಮಾನವಶಾಸ್ತ್ರಜ್ಞೆ ಬಾರ್ಬರಾ ಪಿಲ್ಸ್‌ಬರಿ 1978ರಲ್ಲಿ ಅದರ ಬಗ್ಗೆ ಬರೆದ ಲೇಖನ ಈ ವಿಷಯದ ಚರ್ಚೆಗೆ ಬುನಾದಿ. ಅಲ್ಲಿಯೂ ಹೆತ್ತ ಮೈ ಶೀತಕ್ಕೆ ತೆರೆದುಕೊಂಡಿದೆ ಎಂಬುದೇ ನಂಬಿಕೆ. ಗಾಳಿ, ತಣ್ಣೀರು, ಹಸಿ ಹಣ್ಣು ತರಕಾರಿ ನಿಷಿದ್ಧ. ಶುಂಠಿ, ಎಳ್ಳೆಣ್ಣೆಯಲ್ಲಿ ಬೇಯಿಸಿದ ಕೋಳಿ, ವಿನೆಗರ್‌ನಲ್ಲಿ ಕುದಿಸಿದ ಹಂದಿಕಾಲು ಪಥ್ಯ. ಮೆಣಸಿನ ಸಾರಿಗೂ ಕಾಲು ಸಾರಿಗೂ ಅದು ದೂರವೇನಲ್ಲ. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಶೀತದ ಅದೇ ಭಯದಿಂದ ಚೀನಾದ ಸಂಪ್ರದಾಯ ತಿಂಗಳಿಡೀ ಸ್ನಾನ ಬೇಡ, ತಲೆ ತೊಳೆಯಬೇಡ ಎಂದಿತು. ಮಂಡ್ಯದ ಸಂಪ್ರದಾಯ ಹಂಡೆಗಟ್ಟಲೆ ಬಿಸಿನೀರು ಹೊಯ್ಯಿ ಎಂದಿತು. ನಂಬಿಕೆ ಒಂದೇ ಆಗಿದ್ದೂ ಆಚರಣೆ ತಿರುಗುಮುರುಗಾಗಬಹುದಾದರೆ, ಆಚರಣೆಯ ವಿವರಗಳಲ್ಲಿ ಮದ್ದಿನ ಗುಣಕ್ಕಿಂತ ಊರಿನ ರೂಢಿಯೇ ಹೆಚ್ಚು ಎಂದಾಯಿತು. ಎರಡೂ ಕಡೆ ಸಮಾನವಾಗಿ ಉಳಿಯುವುದು ಬಿಡುವು, ಬಿಸಿಯೂಟ ಮತ್ತು ಪಕ್ಕದಲ್ಲಿರುವ ಹಿರಿಯ ಹೆಂಗಸು.

ಮೈಯ ಆರೋಗ್ಯ

ಹೆರಿಗೆಯ ನಂತರದ ಆರು ವಾರ ನಿಜಕ್ಕೂ ಅಪಾಯದ ಕಾಲ. ಹೆರಿಗೆ ಎಂದರೆ ಮರುಜನ್ಮ ಎಂಬ ಮಾತು ಬರಿ ಮಾತಲ್ಲ. ಅಧಿಕ ರಕ್ತಸ್ರಾವ, ಸೋಂಕು, ಏರಿದ ರಕ್ತದೊತ್ತಡ ತಾಯಂದಿರ ಜೀವ ತೆಗೆಯುವ ಮುಖ್ಯ ಕಾರಣಗಳು. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ ತಾಯಂದಿರ ಮರಣ 2004–06ರಲ್ಲಿ 213 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇಳಿಸಿದ್ದು ಆಸ್ಪತ್ರೆಯ ಹೆರಿಗೆ, ರಕ್ತನಿಧಿ, ಆಂಬುಲೆನ್ಸ್, ಗರ್ಭಿಣಿಯರ ತಪಾಸಣೆ. ಬಾಣಂತನ ಈ ಕೆಲಸ ಮಾಡಲಾರದು. ಮಾಡಬಲ್ಲದ್ದು ಗಾಯ ಮಾಯಲು, ಹಾಲು ಕೂಡಲು, ನಿದ್ದೆ ತುಂಬಲು ಬೇಕಾದ ಬಿಡುವು ಕೊಡುವುದು. ತವರಿನಲ್ಲಿ ಕಳೆಯುವ ಮೂರು ತಿಂಗಳು ಗದ್ದೆಗೆಲಸದಿಂದ, ನೀರು ಸೌದೆ ಹೊರುವುದರಿಂದ, ಗಂಡನ ಹಾಸಿಗೆಯಿಂದ ಹೆಣ್ಣನ್ನು ದೂರ ಇಡುತ್ತವೆ. ಕೂಡಲೇ ಮತ್ತೆ ಬಸುರಾಗುವುದನ್ನೂ ಅಷ್ಟರಮಟ್ಟಿಗೆ ತಡೆಯುತ್ತವೆ.

ಕಟ್ಟುಪಾಡಿನ ಲೆಕ್ಕ ಬೇರೆ. ಹಾಲೂಡಿಸುವವಳಿಗೆ ಎಂದಿಗಿಂತ ಹೆಚ್ಚು ನೀರು ಬೇಕು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಅದರ ಮೇಲೆ ನೀರು ತಡೆದು, ಬೆವರಿಸಿ, ಅಲುಗಾಡದೆ ಮಲಗಿಸಿದರೆ ಕಾಲಿನ ರಕ್ತನಾಳದಲ್ಲಿ, ಕೆಲವೊಮ್ಮೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಕೂಡುತ್ತದೆ. ಬಾಣಂತಿಯರಲ್ಲಿ ಕಾಣುವ ಮಿದುಳಿನ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ತಡೆಯಲಾಗದ ತಲೆನೋವು, ಫಿಟ್ಸ್, ಕೈಕಾಲು ಸೋಲುವುದು ಅದರ ಲಕ್ಷಣ. ಹಳ್ಳಿಯಲ್ಲಿ ಇದನ್ನು ಶೀತ ನೆತ್ತಿಗೇರಿತು ಎಂದು ತಿಳಿದು ಮತ್ತಷ್ಟು ಬೆಚ್ಚಗಿಟ್ಟರೆ ಹೊತ್ತು ಮೀರುತ್ತದೆ.

ಪಥ್ಯದ ಅನ್ನಕ್ಕೂ ಒಂದು ಕಥೆಯಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶ್ವಾಸಕೋಶದ ರಕ್ತದೊತ್ತಡ ತೀವ್ರವಾಗಿ ಏರಿ ಜೀವಾಪಾಯದಲ್ಲಿದ್ದ ಎಳೆಗೂಸುಗಳ ಬಗ್ಗೆ. ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟದ್ದೇ ಬಹುಪಾಲು ಮಕ್ಕಳು ಚೇತರಿಸಿಕೊಂಡರು. ತಾಯಂದಿರು ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಣ್ಣುತ್ತಿದ್ದರು, ಬಾಣಂತಿ ಪಥ್ಯದಲ್ಲಿದ್ದರು. ಕಾಳು, ತರಕಾರಿ ಬಿಟ್ಟು ಬರಿ ಬಿಳಿ ಅನ್ನ ಸಾರು ಉಂಡ ತಾಯಿಯ ಹಾಲಿನಲ್ಲಿ ಆ ವಿಟಮಿನ್ ಸಾಕಷ್ಟು ಇರುವುದಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲನ್ನು ಭತ್ತ, ಕಬ್ಬಿನ ಗದ್ದೆ ಮಾಡುವ ಮುನ್ನ ಇದು ರಾಗಿಯ ನಾಡು; ಇದ್ದ ಅಕ್ಕಿಯೂ ಒನಕೆಯಲ್ಲಿ ಕುಟ್ಟಿದ್ದು. ತೌಡು ಉಳಿದ ಆ ಅಕ್ಕಿಯ ಕಾಲದಲ್ಲಿ ಹುಟ್ಟಿದ ಪಥ್ಯ ಗಿರಣಿಯ ಬಿಳಿ ಅಕ್ಕಿಯ ಕಾಲಕ್ಕೂ ಹಾಗೇ ದಾಟಿಬಂದದ್ದರಿಂದ ತೊಂದರೆ ಹೆಚ್ಚಿತು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತಹೀನತೆ. ಹೀಗಿರುವಾಗ ಬಾಣಂತಿಗೆ ತರಕಾರಿ, ಕಾಳು, ಹಣ್ಣು ನಿಲ್ಲಿಸುವುದು ಇದ್ದ ಕೊರತೆಗೆ ಇನ್ನೊಂದು ಸೇರಿಸಿದಂತೆ.

ಹೆತ್ತ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಮಗುವಿಗೆ ಸಕ್ಕರೆ ನೀರು, ಜೇನು, ಹರಳೆಣ್ಣೆ ನೆಕ್ಕಿಸುತ್ತಿದ್ದ ರೂಢಿ ಆಸ್ಪತ್ರೆಗಳಿಂದಾಗಿ ಬಹಳ ಕಡಿಮೆಯಾಗಿದೆ. ಹಸುವಿನ ಗಿಣ್ಣನ್ನು ಬೆಲ್ಲ ಹಾಕಿ ಇಷ್ಟಪಟ್ಟು ತಿನ್ನುವ ನಾಡಿನಲ್ಲಿ ತಾಯಿಯ ಗಿಣ್ಣುಹಾಲನ್ನು ಚೆಲ್ಲುತ್ತಿದ್ದುದು ವಿಚಿತ್ರವೇ. ಮುಚ್ಚಿದ ಕೋಣೆಯ ಕೆಂಡ, ಹೊಗೆ ಕೂಸಿನ ಉಸಿರಿಗೆ ಕೆಡುಕು. ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಿಷಾಂಶವಿದ್ದು ಹಸುಗೂಸಿಗೆ ಅದನ್ನು ನೆಕ್ಕಿಸುವುದು ಸುರಕ್ಷಿತವಲ್ಲ. ಸಿಸೇರಿಯನ್ ಹೆರಿಗೆ ರಾಜ್ಯದಲ್ಲಿ ಶೇ 30 ದಾಟಿರುವ ಈ ಕಾಲದಲ್ಲಿ ಹೊಲಿಗೆಯ ಮೇಲೆ ಸೀರೆ ಬಿಗಿಯುವುದು, ಕುದಿನೀರು ಹೊಯ್ಯುವುದು ಹೊಸ ತೊಡಕು. ಗಾಯ ಮಾಯುವವರೆಗೆ ಎಣ್ಣೆ ನೀರನ್ನು ಮುಂದೂಡಿ, ಹೊಟ್ಟೆಯ ಭಾಗ ಬಿಟ್ಟು ಬೆನ್ನಿಗೆ, ಕಾಲಿಗೆ ಮಾತ್ರ ಎಣ್ಣೆ ತಿಕ್ಕುವ ಹೊಂದಾಣಿಕೆಯನ್ನು ಅನೇಕ ಮನೆಗಳು ಮಾಡಿಕೊಂಡಿವೆ.

ಮನಸ್ಸಿನ ಆರೋಗ್ಯ

ಬಾಣಂತಿಯ ಮನಸ್ಸು ಕದಡುವುದನ್ನು ಹಳ್ಳಿಯವರು ಹಿಂದಿನಿಂದ ಬಲ್ಲರು. ನಿದ್ದೆಗೆಟ್ಟು, ಅಸಂಬದ್ಧ ಮಾತಾಡಿ, ಮಗುವನ್ನೇ ಗುರುತಿಸದಂತಾಗುವುದಕ್ಕೆ ಬಾಣಂತಿ ಸನ್ನಿ ಎಂಬ ಹೆಸರೇ ಇದೆ. ಜ್ವರದ ಸನ್ನಿಯೂ ಮನೋರೋಗವೂ ಆ ಒಂದೇ ಹೆಸರಿನಲ್ಲಿ ಸೇರಿಕೊಂಡಿದ್ದವು. ಗಾಳಿ ಸೋಕಿದೆ ಎಂದು ದೇವರು, ತಾಯಿತದ ಕಡೆ ಓಡುವುದೇ ವಾಡಿಕೆ. ಇದು ವಿರಳ, ಆದರೆ ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು ನಿಮ್ಹಾನ್ಸ್ 2009ರಲ್ಲಿ ತೆರೆಯಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು.

ಸನ್ನಿಗಿಂತ ಎಷ್ಟೋ ಪಾಲು ಹೆಚ್ಚಾಗಿದ್ದೂ ಹೆಸರಿಲ್ಲದೆ ಉಳಿದದ್ದು ಬಾಣಂತಿಯ ಖಿನ್ನತೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂದ ವಿಶ್ಲೇಷಣೆ, ಶೇ 22ರಷ್ಟು ತಾಯಂದಿರಲ್ಲಿ ಅದು ಕಾಣುತ್ತದೆ ಎಂದಿತು. ಅಳು, ಮಂಕು, ಹಸಿವಿಲ್ಲದಿರುವುದನ್ನು ‘ನಿಶ್ಶಕ್ತಿ’, ‘ದೃಷ್ಟಿ’ ಎಂದು ತಳ್ಳಿಹಾಕುವುದೇ ಹೆಚ್ಚು. 1987ರಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕಕ್ಕೆ ಕನ್ನಡ ರೂಪವೂ ಇದೆ. ಆಸ್ಪತ್ರೆಯಲ್ಲಿ ಐದು ನಿಮಿಷದ ಕೆಲಸ.

ಬಾಣಂತನ ಖಿನ್ನತೆಯನ್ನು ತಡೆಯುತ್ತದೆಯೇ? ಚೀನೀ ಸಮಾಜಗಳ ಬಗೆಗಿನ ಅಧ್ಯಯನಗಳನ್ನು 2009ರಲ್ಲಿ ಪರಿಶೀಲಿಸಿದ ವಿಮರ್ಶೆಗೆ ಒಮ್ಮತದ ಉತ್ತರ ಸಿಗಲಿಲ್ಲ. ಶಾಸ್ತ್ರ ಪಾಲಿಸಿದ ಮಾತ್ರಕ್ಕೆ ರಕ್ಷಣೆ ಸಿಗದು, ಯಾರು ಹೇಗೆ ನೋಡಿಕೊಂಡರು ಎಂಬುದೇ ಮುಖ್ಯ ಎಂಬ ಸುಳಿವು ಮಾತ್ರ ಸಿಕ್ಕಿತು. ಹಾಂಗ್‌ಕಾಂಗ್‌ನ ತಾಯಂದಿರಿಗೆ ತಿಂಗಳ ಕಟ್ಟುಪಾಡು, ಅತ್ತೆಯೊಂದಿಗಿನ ತಿಕ್ಕಾಟ ಸ್ವತಃ ಒತ್ತಡವಾಗಿ ಕಂಡಿತ್ತು. ಚೊಚ್ಚಲ ಬಾಣಂತನವನ್ನು ತವರಿಗೆ ಕೊಟ್ಟ ಕನ್ನಡದ ರೂಢಿಯ ವಿವೇಕ ಇಲ್ಲಿ ತಿಳಿಯುತ್ತದೆ. ಅಮ್ಮನ ಮನೆಯಲ್ಲಿ ಮಗಳು ಹಸಿವೆಂದು ಬಾಯಿಬಿಟ್ಟು ಹೇಳಬಲ್ಲಳು, ಹಗಲು ಮಲಗಬಲ್ಲಳು, ಅಳಬಲ್ಲಳು. ಇದರ ಇನ್ನೊಂದು ಮುಖವೆಂದರೆ ಗಂಡ ದೂರದಲ್ಲೇ ಉಳಿಯುತ್ತಾನೆ. ಭಾನುವಾರ ಬಂದು ಮಗು ನೋಡಿ ಹೋಗುವ ಅಪ್ಪನಿಗೆ ಕೂಸಿನ ಕೆಲಸ ಕಲಿಯುವ ಸಂದರ್ಭವೇ ಇಲ್ಲ. ಐದನೆಯ ತಿಂಗಳಲ್ಲಿ ತವರಿನ ಆಸರೆ ಒಮ್ಮೆಲೇ ಕಳಚಿ ಹೆಣ್ಣು ಒಬ್ಬಳೇ ಗಂಡನ ಮನೆಯಲ್ಲಿ ನಿಲ್ಲುತ್ತಾಳೆ.

ಹುಟ್ಟಿದ್ದು ಹೆಣ್ಣೋ ಗಂಡೋ ಎಂಬುದೂ ಬಾಣಂತನದ ಗುಣವನ್ನು ತೀರ್ಮಾನಿಸುತ್ತದೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆರಿಗೆಯಾಗಿ ಆರೆಂಟು ವಾರದ ತಾಯಂದಿರಲ್ಲಿ ಶೇ 23 ಮಂದಿ ಖಿನ್ನರಾಗಿದ್ದರು. ಬಡತನ, ಗಂಡನೊಂದಿಗಿನ ಕಲಹಗಳ ಜೊತೆಗೆ ಹೆಣ್ಣು ಕೂಸು ಹುಟ್ಟಿದ್ದೂ ಕಾರಣಗಳ ಪಟ್ಟಿಯಲ್ಲಿತ್ತು. ಮಂಡ್ಯ ಜಿಲ್ಲೆಗೆ ಈ ಮಾತು ಹೊರಗಿನದಲ್ಲ. 2023ರ ಕೊನೆಯಲ್ಲಿ ಬಯಲಿಗೆ ಬಂದ ಭ್ರೂಣಲಿಂಗ ಪತ್ತೆ ಜಾಲ ಸ್ಕ್ಯಾನಿಂಗ್ ಯಂತ್ರವನ್ನು ಇಟ್ಟುಕೊಂಡಿದ್ದು ಮಂಡ್ಯದ ಆಲೆಮನೆಯೊಂದರಲ್ಲಿ. ಬಾಣಂತಿಗೆ ಬೆಲ್ಲ ಕೊಟ್ಟ ಆಲೆಮನೆಯೇ ಹೆಣ್ಣುಭ್ರೂಣವನ್ನು ಪತ್ತೆಹಚ್ಚುವ ಜಾಗವೂ ಆಗಿತ್ತು. ಎರಡನೆಯದೂ ಹೆಣ್ಣಾದಾಗ ಅಂಟಿನುಂಡೆ ಕಟ್ಟುವ ಉತ್ಸಾಹ ಇಳಿಯುವುದನ್ನು, ನೋಡಲು ಬರುವವರು ಕಡಿಮೆಯಾಗುವುದನ್ನು ಬಾಣಂತಿ ಮೊದಲು ಗಮನಿಸುತ್ತಾಳೆ.

ಸರ್ಕಾರದ ಬಾಣಂತನ

ಕಳೆದ ಎರಡು ದಶಕಗಳಲ್ಲಿ ಸರ್ಕಾರವೂ ಬಾಣಂತನದಲ್ಲಿ ಪಾಲುಗೊಂಡಿದೆ. 2007ರಲ್ಲಿ ಆರಂಭವಾದ ಮಡಿಲು ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಸೋಪು, ಮಗುವಿನ ಸ್ವೆಟರ್, ಟೋಪಿಯೊಂದಿಗೆ ಹೊಟ್ಟೆಗೆ ಕಟ್ಟುವ ಬಟ್ಟೆಯನ್ನೂ ಕೊಟ್ಟರು. ರೂಢಿಯನ್ನು ಕಿಟ್ಟಿನೊಳಗೆ ಸೇರಿಸಿಕೊಂಡದ್ದಕ್ಕೆ ಅದು ಒಳ್ಳೆಯ ಉದಾಹರಣೆ. 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಜಾರಿಯಾದ ಮಾತೃಪೂರ್ಣ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಕೊಡುವ ಯೋಜನೆ. ಪಥ್ಯ ಕಿತ್ತುಕೊಂಡ ಪೌಷ್ಟಿಕತೆಯನ್ನು ಮರಳಿಸಲು ಇದು ತಕ್ಕದ್ದೇ. ಆದರೆ ಹೊಸ್ತಿಲು ದಾಟಬಾರದ ಹಸಿ ಬಾಣಂತಿ ಅಂಗನವಾಡಿಗೆ ನಡೆದು ಬಂದು ಉಣ್ಣಬೇಕೆಂಬ ನಿಯಮ ರೂಢಿಗೆ ಎದುರಾಯಿತು.

ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕು. ಸೂಲಗಿತ್ತಿ ಬಿಟ್ಟುಹೋದ ಜಾಗವನ್ನು ಒಂದು ರೀತಿಯಲ್ಲಿ ತುಂಬುತ್ತಿರುವವಳು ಅವಳೇ. ತೊಡಕೆಂದರೆ, ಬಸುರಿಯ ಹೆಸರು ನೋಂದಣಿಯಾಗಿರುವುದು ಗಂಡನ ಊರಲ್ಲಿ, ಬಾಣಂತನ ನಡೆಯುವುದು ತವರಿನ ಊರಲ್ಲಿ. ಮಳವಳ್ಳಿಯ ಹಳ್ಳಿಯಿಂದ ಮದ್ದೂರಿನ ಹಳ್ಳಿಗೆ ಬಂದವಳ ತಾಯಿ ಕಾರ್ಡು ಜೊತೆಗೆ ಬರದಿದ್ದರೆ, ಒಬ್ಬ ಆಶಾಳ ಪಟ್ಟಿಯಿಂದ ಬಿಟ್ಟುಹೋಗಿ ಇನ್ನೊಬ್ಬಳ ಪಟ್ಟಿಗೆ ಸೇರದೆ ಉಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೆರಿಗೆಯಾದ 24 ಗಂಟೆಯಾದರೂ ಆಸ್ಪತ್ರೆಯಲ್ಲಿರಬೇಕು, ಆಮೇಲೆ ಆರು ವಾರದೊಳಗೆ ಕನಿಷ್ಠ ಮೂರು ತಪಾಸಣೆಗಳಾಗಬೇಕು ಎನ್ನುತ್ತದೆ. ತಾಯಿಯ ಮನಸ್ಸಿನ ಸ್ಥಿತಿ ವಿಚಾರಿಸುವುದೂ ಅದರಲ್ಲಿ ಸೇರಿದೆ.

ದುಡಿಮೆ ಮತ್ತು ಬದಲಾವಣೆ

ಬಾಣಂತನದ ಉದ್ದ ಎಂದಿಗೂ ಮನೆಯ ಸ್ಥಿತಿಯನ್ನು ಅವಲಂಬಿಸಿದೆ. ನೀರಾವರಿ ಜಮೀನುಳ್ಳ ಮನೆಯ ಮಗಳಿಗೆ ಐದು ತಿಂಗಳು. ಕೂಲಿಯ ಮೇಲೆ ನಿಂತ ಮನೆಯ ಹೆಂಗಸಿಗೆ ನಲವತ್ತು ದಿನವೂ ಗಟ್ಟಿಯಲ್ಲ. ನಾಟಿ, ಕಳೆ, ಕಬ್ಬು ಕಡಿತದ ಕಾಲ ಬಂದರೆ ಕೂಸನ್ನು ಗದ್ದೆಬದುವಿನ ಮರಕ್ಕೆ ಜೋಲಿ ಕಟ್ಟಿ ಮಲಗಿಸುವುದೇ ಗತಿ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು. ಅದು ದಕ್ಕುವುದು ಕಚೇರಿ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಗಾರ್ಮೆಂಟ್ಸ್‌ಗೆ ಹೋಗುವ ಮದ್ದೂರು ಕಡೆಯ ಹೆಣ್ಣುಮಕ್ಕಳಿಗೆ ಇಎಸ್ಐ ಮೂಲಕ ಅದು ಸಿಗಬೇಕು. ಹೊಲಗದ್ದೆಯ ಕೂಲಿ ಹೆಂಗಸಿಗೆ ರಜೆಯಿಲ್ಲ. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲಿಗೆ ಕೊಡುವ 5,000 ರೂಪಾಯಿಯಂಥ ನೆರವು ಮಾತ್ರ ಉಂಟು.

ಆರೇಳು ಹೆರುತ್ತಿದ್ದ ಕಾಲ ಹೋಗಿ ರಾಜ್ಯದ ಸರಾಸರಿ 1.7ಕ್ಕೆ ಇಳಿದ ಮೇಲೆ ಹೆಣ್ಣಿನ ಬದುಕಿನಲ್ಲಿ ಬಾಣಂತನ ಒಂದೋ ಎರಡೋ. ಆ ಕಾರಣಕ್ಕೆ ಅದರ ಸಡಗರ ಹೆಚ್ಚಿದೆ, ಮಾಡುವ ಕೈಗಳು ಕಡಿಮೆಯಾಗಿವೆ. ಅಮ್ಮನೂ ಕೆಲಸಕ್ಕೆ ಹೋಗುತ್ತಾಳೆ, ಅತ್ತಿಗೆ ನಾದಿನಿಯರು ಊರಲ್ಲಿಲ್ಲ. ಬಾಣಂತಿ ಲೇಹ್ಯ, ಅಂಟಿನುಂಡೆ ಅಂಗಡಿಯಲ್ಲಿ ಸಿಗುತ್ತವೆ. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಬಂದು ಉಳಿಯುವ, ಆರು ತಿಂಗಳ ವೀಸಾದಲ್ಲಿ ಬಜೆ, ಸಾಂಬ್ರಾಣಿ, ಮೆಣಸಿನಪುಡಿ ಕಟ್ಟಿಕೊಂಡು ಅಮೆರಿಕಕ್ಕೆ ಹಾರುವ ಅಮ್ಮಂದಿರು ಈಗ ಮಂಡ್ಯದಲ್ಲೂ ಉಂಟು. ತವರಿಗೆ ಮಗಳು ಬರುವ ಬದಲು ತವರೇ ಮಗಳಿದ್ದಲ್ಲಿಗೆ ಹೋಗುತ್ತಿದೆ.

ಈ ಬದಲಾವಣೆಯ ನಡುವೆ ಉಳಿಸಿಕೊಳ್ಳಬೇಕಾದದ್ದು ಮತ್ತು ಬಿಡಬೇಕಾದದ್ದು ಸಾಕಷ್ಟು ಸ್ಪಷ್ಟವಾಗಿವೆ. ಬಿಡುವು, ಬಿಸಿಯೂಟ, ಹದವಾದ ಬಿಸಿನೀರಿನ ಸ್ನಾನ, ತವರಿನ ಸಲಿಗೆ, ರಾತ್ರಿ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಕೈ ಒಳ್ಳೆಯವು. ನೀರಿನ ತಡೆ, ಬರಿ ಬಿಳಿ ಅನ್ನದ ಪಥ್ಯ, ಮುಚ್ಚಿದ ಕೋಣೆಯ ಹೊಗೆ, ನಡೆದಾಡಗೊಡದಿರುವುದು ಕೆಟ್ಟವು. ಕಿವಿಯ ಹತ್ತಿ, ಬಾಗಿಲ ಬೇವು, ಬೆಸ ತಿಂಗಳ ಲೆಕ್ಕದಿಂದ ಲಾಭವೂ ಇಲ್ಲ, ಕೇಡೂ ಇಲ್ಲ. ಜ್ವರ, ನಿಲ್ಲದ ರಕ್ತಸ್ರಾವ, ಸಹಿಸಲಾಗದ ತಲೆನೋವು, ಫಿಟ್ಸ್, ಕಾಲಿನ ಬಾವು, ದಿನಗಟ್ಟಲೆ ಮುಗಿಯದ ಅಳು ಕಂಡರೆ ನಲವತ್ತು ದಿನ ತುಂಬಲೆಂದು ಕಾಯದೆ ಹೊಸ್ತಿಲು ದಾಟಿ ಆಸ್ಪತ್ರೆಗೆ ಹೋಗಬೇಕು.